ಸೋತ ಆಟದಿಂದ ಏಳುವ ರೀತಿ

ಮೇಲಿನ ಕಂಬವಾಡಿ, ಕಪ್ಪತಗುಡ್ಡ
ಗಾಳಿವರ್ಷ ಇನ್ನೂರ ಹದಿನೇಳು, ಧೂಳುಮಾಸದ ಮೂವತ್ತೆರಡನೆಯ ದಿನ

ನನಗಿಂತ ಬಹಳ ಮೊದಲು ಹುಟ್ಟಿದ ಹಿರಿಯರಿಗೆ ದಾನಮ್ಮ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಫಾಲ್ಗುಣಕ್ಕೂ ಚೈತ್ರಕ್ಕೂ ನಡುವೆ ನಮ್ಮಲ್ಲಿ ಇನ್ನೊಂದು ತಿಂಗಳು ಸೇರಿಕೊಂಡಿದೆ. ಆಗ ಆಕಾಶ ಧೂಳಿನಿಂದ ಕೆಂಪಾಗಿರುತ್ತದೆ, ಅದಕ್ಕೇ ಧೂಳುಮಾಸ ಎಂದು ಹೆಸರು. ಧೂಳು ಇಳಿದ ದಿನವೇ ಅದು ಮುಗಿಯುವುದರಿಂದ ಮೂವತ್ತೆರಡನೆಯ ದಿನವೂ ಬರುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಓದಿದ್ದು ಪ್ರಾಥಮಿಕ ಶಾಲೆಯಷ್ಟೇ. ಆಮೇಲೆ ಇಲ್ಲಿನ ಹೆಚ್ಚಿನ ಮಕ್ಕಳಂತೆ ಗಾಳಿಕಂಬಗಳ ರೆಕ್ಕೆ ಒರೆಸುವ ಕೆಲಸಕ್ಕೆ ಸೇರಿದೆ. ಎದುರಿಗೆ ನಿಂತವರ ಹತ್ತಿರ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಕಾಗದವಾದರೆ ನನ್ನ ಮುಖ ನೋಡುವುದಿಲ್ಲ, ಹಾಗಾಗಿ ಬರೆಯುತ್ತೇನೆ.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಮ್ಮಲ್ಲಿ ಹಿಂದಂಚೆ ಎನ್ನುತ್ತಾರೆ. ದುಡಿಯುವ ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಒಂದು ಕಾಗದ ಕಳಿಸುವ ಹಕ್ಕಿದೆ. ಆದರೆ ದೊಡ್ಡ ಸಂಗತಿಗಳನ್ನು ಬರೆಯುವಂತಿಲ್ಲ. ಯಾರು ಆಳಿದರು, ಯಾವ ಊರು ಮುಳುಗಿತು, ಇಂಥವನ್ನು ಅಂಚೆಯವರು ಅಳಿಸಿಬಿಡುತ್ತಾರೆ. ಅಡುಗೆ, ಆಟ, ಹೇನು, ನೆಗಡಿ ಇವಕ್ಕೆ ಅಡ್ಡಿಯಿಲ್ಲ. ನಾನು ಆಟದ ವಿಷಯ ಆರಿಸಿಕೊಂಡೆ. ನಿಮ್ಮ ಚದುರಂಗವನ್ನು ನಾವು ಇನ್ನೂ ಆಡುತ್ತೇವೆ. ಬೇರೆ ಬೇರೆ ಊರಿನಲ್ಲಿ ಕೂತು ತಂತಿಯ ಮೇಲೆ ಆಡುವುದಕ್ಕೆ ದೂರಹಾಸು ಎನ್ನುತ್ತೇವೆ, ನೀವು ಆನ್‌ಲೈನ್ ಎನ್ನುತ್ತಿದ್ದಿರಂತೆ. ನಿಮ್ಮ ಕಾಲದ ಸಾವಿರಾರು ಆಟಗಳು ನಮ್ಮಲ್ಲಿ ಉಳಿದಿವೆ. ಆಟದ ಕೆಳಗೆ ನೀವು ಒಬ್ಬರಿಗೊಬ್ಬರು ಬರೆದ ಮಾತುಗಳೂ ಉಳಿದಿವೆ. "ಸೋತಾಯ್ತಲ್ಲ ಗುರು, ಹೋಗೋ", "ಟೈಮ್ ವೇಸ್ಟ್ ಮಾಡಬೇಡ", "ನಾಚಿಕೆ ಆಗಲ್ವಾ" ಎಂದು ಗೆಲ್ಲುತ್ತಿರುವವರು ಬರೆದಿದ್ದಾರೆ. ಸೋಲುತ್ತಿರುವವರು ಕೆಲವರು ಏನೂ ಹೇಳದೆ ಗಡಿಯಾರ ಓಡಲು ಬಿಟ್ಟು ಎದ್ದುಹೋಗಿದ್ದಾರೆ. ಓದುವಾಗ ಒಮ್ಮೊಮ್ಮೆ ನಗು ಬಂತು, ಒಮ್ಮೊಮ್ಮೆ ಹೆದರಿಕೆಯಾಯಿತು.

ನಮ್ಮ ರೀತಿ ಬೇರೆ. ಅದು ಊಟದ ಪಂಕ್ತಿಯಿಂದ ಬಂದದ್ದು ಎಂದು ಹೇಳುತ್ತಾರೆ. ಪಕ್ಕದವರ ಎಲೆಯಲ್ಲಿ ಇನ್ನೂ ಅನ್ನವಿರುವಾಗ ನೀವೂ ಎದ್ದು ಹೋಗುತ್ತಿರಲಿಲ್ಲವಲ್ಲ, ಹಾಗೆ. ಆಟ ಸೋತೆ ಎಂದು ಅನ್ನಿಸಿದವರು "ಏಳಲೇ?" ಎಂದು ಕೇಳಬೇಕು. ಗೆಲ್ಲುವವರು "ಏಳಿ" ಎಂದರೆ ಆಟ ಮುಗಿಯಿತು. ಗೆಲುವನ್ನು ಹಾಸಿನ ಮೇಲೆ ಆಡಿ ಮುಗಿಸುವ ಆಸೆ ಇದ್ದರೆ "ಕೂಡಿ" ಎನ್ನಬಹುದು. ಆಗ ಸೋಲುವವರು ಮುಖ ಗಂಟು ಹಾಕದೆ ಕೂಡಬೇಕು. ಕೇಳದೆ ಏಳುವುದು ತಪ್ಪು, ಏಳು ಎಂದು ಎದುರಿನವರಿಗೆ ತಾವಾಗಿ ಹೇಳುವುದು ಅದಕ್ಕಿಂತ ದೊಡ್ಡ ತಪ್ಪು. ಹಾಗೆಂದು ನಮ್ಮಲ್ಲಿ ಎಲ್ಲರೂ ಸಭ್ಯರು ಎಂದು ತಿಳಿಯಬೇಡಿ. ನನ್ನ ಸೋದರಮಾವ ಫಕೀರಪ್ಪ ಇದುವರೆಗೆ ಒಮ್ಮೆಯೂ "ಏಳಲೇ" ಎಂದು ಕೇಳಿದವನಲ್ಲ. ಒಂಟಿ ರಾಜನನ್ನು ಹಿಡಿದುಕೊಂಡು ಹಾಸಿನ ತುಂಬ ತಿರುಗುತ್ತಾನೆ. ಎದುರಿನವರು ಬೇಸತ್ತು ತಪ್ಪು ಮಾಡಿ ಆಟ ಸಮವಾದರೆ ವಾಡಿಗೆಲ್ಲ ಚಹಾ ಕೊಡಿಸುತ್ತಾನೆ. "ರಾಜಾ ಜೀವಂತ ಅದಾನಂದ್ರ ನಾ ಯಾಕ ಏಳ್ಲಿ?" ಎನ್ನುತ್ತಾನೆ.

ನಾನು ಅವನಿಗೆ ಪೂರ್ತಿ ವಿರುದ್ಧ. ಸೋಲು ಕಂಡ ಕೂಡಲೇ ಕೇಳಿ ಎದ್ದುಬಿಡುವವಳು. ಸೋತ ಆಟದಲ್ಲಿ ಕೂತಿದ್ದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತದೆ, ದೂರಹಾಸಿನಲ್ಲಿ ಯಾರಿಗೂ ನನ್ನ ಮುಖ ಕಾಣದಿದ್ದರೂ ಸಹ.

ಪ್ರತಿವರ್ಷ ಧೂಳುಮಾಸದಲ್ಲಿ ಗುಡ್ಡದ ಕಂಬವಾಡಿಗಳವರು ದೂರಹಾಸಿನಲ್ಲಿ ಪಂದ್ಯ ಆಡುತ್ತೇವೆ, ಏಕೆಂದರೆ ಧೂಳಿನಲ್ಲಿ ರೆಕ್ಕೆ ಒರೆಸಿ ಪ್ರಯೋಜನವಿಲ್ಲ. ಕೊನೆಯಲ್ಲಿ ಗೆದ್ದ ಒಬ್ಬರನ್ನು ಸರಕಿನ ಬಂಡಿಯಲ್ಲಿ ತೇಲುಕಾರವಾರಕ್ಕೆ ಕಳಿಸುತ್ತಾರೆ. ಅದು ಸಮುದ್ರದ ಮೇಲೆ ಕಟ್ಟಿದ ಊರು. ಅಲ್ಲಿಯ ಆಟಗಾರರ ಎದುರು ಮುಖಾಮುಖಿ ಕೂತು ಆಡಿ ಬರಬೇಕು. ಸರಕಿನ ಬಂಡಿಯಲ್ಲಿ ಒಬ್ಬರಿಗೇ ಜಾಗ, ಬೇರೆ ಬಂಡಿ ಹೋಗುವುದಿಲ್ಲ. ನಮ್ಮ ವಾಡಿಯಲ್ಲಿ ಸಮುದ್ರ ನೋಡಿದವರು ಯಾರೂ ಇಲ್ಲ. ಕಂಬದ ತುದಿಯಲ್ಲಿ ಕೂತು ಒರೆಸುವಾಗ ಪಶ್ಚಿಮದ ಕಡೆ ನೋಡುತ್ತಾ ನಾನು ಎಷ್ಟು ಸಲ ಅದನ್ನೇ ಯೋಚಿಸಿದ್ದೇನೆ ಎಂದರೆ, ಅವ್ವ ಅಡುಗೆಮನೆಯಿಂದಲೇ "ನಿನ್ನ ಸಮುದ್ರಾ ಉಕ್ಕಿ ಒಲಿ ಆರಿತ, ಬಾ ಇಲ್ಲೆ" ಎಂದು ಕೂಗುತ್ತಾಳೆ.

ಈ ವರ್ಷ ಕೊನೆಯ ಆಟಕ್ಕೆ ಉಳಿದವರು ಇಬ್ಬರು. ನಾನು ಮತ್ತು ಕೆಳಗಿನ ಕಂಬವಾಡಿಯ ಕಾಶವ್ವ. ಅವರನ್ನು ನಾನು ಕಂಡಿರಲಿಲ್ಲ. ನನ್ನ ಅವ್ವನಿಗಿಂತ ಹಿರಿಯರು, ಕಂಬಗಳಿಗೆ ಎಣ್ಣೆ ಹಾಕುವವರು ಎಂದಷ್ಟೇ ಗೊತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಯಾರ ಗಡಿಯಾರ ಓಡುತ್ತಿರುತ್ತದೋ ಅವರು ಸೋತಂತೆ ಎಂಬುದು ಪಂದ್ಯದ ನಿಯಮ. ಮಧ್ಯಾಹ್ನದ ಹೊತ್ತಿಗೆ ನಾನು ಒಂದು ಕಾಲಾಳು ಮುಂದಿದ್ದೆ. ಮನೆಯವರೆಲ್ಲ ನಾನೇ ಗೆದ್ದೆ ಎಂದುಕೊಂಡಿದ್ದರು. ಒಂದು ನಡೆ ನಡೆಸಿ ಕೈ ತೆಗೆದ ಮೇಲೆ ನನಗೆ ಕಾಣಿಸಿತು. ಕಾಶವ್ವ ತಮ್ಮ ಆನೆಯನ್ನು ಬಲಿಕೊಟ್ಟರೆ ನಾನು ಅದನ್ನು ತಿನ್ನಲೇಬೇಕು. ತಿಂದರೆ ಅವರ ಕುದುರೆ ಒಳಗೆ ಬರುತ್ತದೆ, ಮೂಲೆಯಲ್ಲಿ ಕೂತ ನನ್ನ ರಾಜನಿಗೆ ತನ್ನ ಕಾಲಾಳುಗಳೇ ಅಡ್ಡ. ಎರಡೇ ನಡೆ, ರಾಜ ಸಿಕ್ಕಿಬೀಳುತ್ತಾನೆ. ನಾನು ಎಂದಿನಂತೆ "ಏಳಲೇ?" ಎಂದು ಒತ್ತಿದೆ.

ಉತ್ತರ ಬರಲಿಲ್ಲ. ನಡೆಯೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫಕೀರಪ್ಪ ಮಾವ ಹೊರಗಿನಿಂದ ಬಂದು, ಧೂಳಿಗೆ ಕೆಳಗಿನ ವಾಡಿಯ ತಂತಿ ಹರಿದುಬಿದ್ದಿದೆ, ನಾಳೆಯ ತನಕ ಏನೂ ಆಗುವುದಿಲ್ಲ ಎಂದ. ಗಡಿಯಾರ ಕಾಶವ್ವನದು ಓಡುತ್ತಿತ್ತು. "ನಿನ್ನ ದೈವಾ ನೋಡು ಹುಡುಗಿ, ಗಾಳಿನ ನಿನ್ನ ಕಡಿಗಿ ಆಡಾಕತ್ತೈತಿ. ಸುಮ್ನ ಕೂಡು" ಎಂದು ನಕ್ಕ. ನಾನು ಸೋತಿದ್ದೇನೆ, ಏಳಲೇ ಎಂದು ಕೇಳಿದ್ದೇನೆ ಎಂದು ಹೇಳಿದೆ. "ಕೇಳೀದಿ, ಅಕಿ ಹೂಂ ಅಂದಿಲ್ಲ. ಹೂಂ ಅನ್ನೂತನಕ ಏಳಬಾರ್ದು. ನಿಮ್ದ ಅಲ್ಲೇನ ಈ ರೀತಿ ನೀತಿ ಎಲ್ಲಾ?" ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಯಮದ ಪ್ರಕಾರ ನಾನು ಕೂತಿದ್ದರೆ ಸಾಕು, ದೀಪ ಹಚ್ಚಿದ ಮೇಲೆ ಸಮುದ್ರ ನನ್ನದು.

ಅವ್ವ ರೊಟ್ಟಿ ತಂದಿಟ್ಟಳು. ನಾನು ಎದ್ದು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುವುದನ್ನು ನೋಡಿ ಅವಳಿಗೆ ಅರ್ಥವಾಯಿತು. "ಹೆಸರು ಕೇಳಿದ್ರ ಹೇಳಾಕ ನಾಚ್ತಿ, ಅಲ್ಲಿ ಹೋಗಿ ಏನ್ ಮಾತಾಡ್ತಿ?" ಎಂದಳು. ಬೇಡ ಎನ್ನಲಿಲ್ಲ. ಮಾವ ಮಾತ್ರ ಬಾಗಿಲಲ್ಲಿ ನಿಂತು, "ಹೋಗು, ಕೈಯಾಗ ಬಂದಿದ್ದನ್ನ ಹೊತ್ಕೊಂಡ ಹೋಗಿ ಕೊಟ್ಟ ಬಾ!" ಎಂದು ನಾನು ಧೂಳಿನಲ್ಲಿ ಮರೆಯಾಗುವ ತನಕ ಕೂಗಿದ.

ಆಟದ ಹಲಗೆಯನ್ನು ಎದೆಗೆ ಕಟ್ಟಿಕೊಂಡು, ಇಳಿಜಾರಿನ ಹಗ್ಗ ಹಿಡಿದು ಕೆಳಗಿನ ವಾಡಿಗೆ ಹೋದೆ. ಹಲಗೆ ಎಂದರೆ ದೂರಹಾಸು ಕಾಣುವ ಗಾಜು. ಇಬ್ಬರು ಆಟಗಾರರ ಹೆಬ್ಬೆಟ್ಟು ಒಂದೇ ಹಲಗೆಯ ಮೇಲೆ ಬಿದ್ದರೆ ದೂರದ ಆಟ ಮುಖಾಮುಖಿ ಆಟವಾಗುತ್ತದೆ, ಗಡಿಯಾರ ನಿಲ್ಲುತ್ತದೆ. ವಾಡಿಯವರು ತೋರಿಸಿದ ಕಡೆ ಕಾಶವ್ವ ಒಂದು ಕಂಬದ ಬುಡದಲ್ಲಿ, ತಂತಿ ಸರಿಮಾಡುವವರನ್ನು ಬೈಯುತ್ತಾ ನಿಂತಿದ್ದರು. ನನ್ನನ್ನು ನೋಡಿ, "ಯಾರವಾ ನೀ? ಮದ್ಲ ಮಾರಿ ಒರಸ್ಕೋ, ಇಟ್ಟಂಗಿ ಮಾತಾಡಿದಂಗ ಆಗ್ತೈತಿ" ಎಂದರು. ನಾನು ಒರೆಸಿಕೊಂಡು, ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ನಾನು ದಾನಮ್ಮ, ಆಟ ಸೋತಿದ್ದೇನೆ, ಏಳಲೇ ಎಂದು ಕೇಳಿದ್ದು ನಿಮಗೆ ಮುಟ್ಟಲಿಲ್ಲ, ಗಡಿಯಾರ ನಿಮ್ಮದು ಓಡುತ್ತಿದೆ, ಇಲ್ಲಿ ಹೆಬ್ಬೆಟ್ಟು ಇಡಬೇಕು.

ಅವರು ಎಣ್ಣೆಯ ಕೈ ಸೀರೆಗೆ ಒರೆಸಿ ಹೆಬ್ಬೆಟ್ಟು ಇಟ್ಟರು. ಹಲಗೆಯನ್ನು ಬಹಳ ಹೊತ್ತು ನೋಡಿದರು. "ನೀ ಸೋತೀ? ನಂದ ಒಂದ್ ಕಾಲಾಳು ಕಡಿಮಿ ಐತಿ. ನಾನ ಎದ್ದ ಬಿಡಬೇಕಂತ ಮಾಡಿದ್ನಿ!" ಎಂದರು.

ಅವರಿಗೆ ಅದು ಕಂಡಿರಲೇ ಇಲ್ಲ. "ತೋರಸ್ಲೇನ್ರಿ?" ಎಂದು ಕೇಳಿದೆ. ಅವರು ಕೈ ಅಡ್ಡ ಹಿಡಿದರು. "ತೋರಸಬ್ಯಾಡ. ನನ್ನ ಗೆಲವು ನಿನ್ನ ಕಡೆಯಿಂದ ಯಾಕ ಇಸ್ಕೊಳ್ಳಿ? ಐತಿ ಅಂದ್ರ ನಾನ ಹುಡುಕತೀನಿ. ನೀ ಏಳಬ್ಯಾಡ, ಕೂಡು" ಎಂದರು.

ಒಳಗೆ ಚಾಪೆ ಹಾಸಿದರು. ವಾಡಿಯವರೆಲ್ಲ ಸುತ್ತ ಸೇರಿದರು. ನಾನು ಯಾವುದಕ್ಕೆ ಹೆದರಿ ಜೀವನವಿಡೀ ಬೇಗ ಏಳುತ್ತಿದ್ದೆನೋ ಅದೇ ಆಯಿತು. ಸೋತ ಆಟ, ನೋಡುವ ಕಣ್ಣುಗಳು, ಏಳುವ ಹಾಗಿಲ್ಲ. ಕಾಶವ್ವ ಕುದುರೆಯ ಮೇಲೆ ಬೆರಳಿಟ್ಟರು, ತೆಗೆದರು. ಆನೆಯ ಹತ್ತಿರ ಹೋದರು, ಹಿಂದೆ ಬಂದರು. ನಾನು ನನ್ನ ಕಣ್ಣು ಆನೆ ಬಲಿಬೀಳಬೇಕಾದ ಮನೆಯ ಕಡೆ ಹೋಗದಂತೆ ನೆಲ ನೋಡುತ್ತಾ ಕೂತೆ. ಹಿಂದೆ ನಿಂತ ಒಬ್ಬ ಮುದುಕ "ಕಾಶಿ, ಹಡದು ಮುಗಸವಾ" ಎಂದಾಗ ಎಲ್ಲರೂ ನಕ್ಕರು. ಕೊನೆಗೆ ಅವರು ಒಂಟೆಯನ್ನು ನಡೆಸಿ ನನ್ನ ಕಾಲಾಳೊಂದನ್ನು ತಿಂದರು. ನಾನು ರಾಜನ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಅವನು ಉಸಿರಾಡಲು ಕಿಟಕಿ ಮಾಡಿದೆ. ಕಾಶವ್ವ ನನ್ನ ಮುಖ ನೋಡಿದರು.

"ಈಗ ಹೋತಲ್ಲ ಅದು?"

"ಹೋತ್ರಿ."

"ಹಂಗಾರ ನಡಿ ಮುಂದ" ಎಂದರು.

ಅಲ್ಲಿಂದ ಮುಂದೆ ಅದು ಯಾರದೂ ಅಲ್ಲದ ಆಟವಾಯಿತು. ನಾನು ಅಷ್ಟು ಹೊತ್ತು ಯಾವ ಆಟದಲ್ಲೂ ಕೂತಿರಲಿಲ್ಲ. ಅವರು ಮಂತ್ರಿಗಳನ್ನು ಬದಲು ಮಾಡಿಕೊಂಡರು, ಆನೆಗಳೂ ಹೋದವು, ಕೊನೆಗೆ ನನ್ನ ಅಂಚಿನ ಕಾಲಾಳು ಓಡತೊಡಗಿತು. ಅವರ ರಾಜ ಹಿಂದೆ ಬಂದ, ಒಂದು ಮನೆ ಸಾಲಲಿಲ್ಲ. ಕಾಶವ್ವ ಆ ಮನೆಗಳನ್ನು ಬೆರಳಿನಿಂದ ಇನ್ನೊಮ್ಮೆ ಎಣಿಸಿದರು. ಅವರೂ ಸಮುದ್ರ ನೋಡಿದವರಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಮಗಳ ವಯಸ್ಸಿನ ನನ್ನನ್ನು, "ಏಳ್ಳೇನವಾ?" ಎಂದು ಕೇಳಿದರು.

ಹಿರಿಯರಿಗೆ ಆ ಮಾತು ಹೇಳುವುದು ಹೇಗೆ ಎಂದು ಒದ್ದಾಡಿದೆ. ಅವರು ಏಳದೆ ಕಾದರು. ಸುತ್ತ ನಿಂತವರೂ ಕಾದರು. "ಏಳ್ರಿ" ಎಂದೆ. ದನಿ ಚಾಪೆಯ ಅಂಚನ್ನೂ ದಾಟಿರಲಾರದು, ಆದರೂ ಅವರು ಕೇಳಿಸಿಕೊಂಡು ಎದ್ದರು. ಆಮೇಲೆ ಅವರೇ ಕೇಳಿದ್ದರಿಂದ ಆ ಎರಡು ನಡೆ ತೋರಿಸಿದೆ. ಹಣೆ ಚಚ್ಚಿಕೊಂಡು, "ಅಯ್ಯ ನನ್ನ ಕಣ್ಣಾಗ ಮಣ್ಣ ಬೀಳ್ಲಿ, ಮುಂದಿನ ವರ್ಷ ನನ್ನ ಮುಂದ ಕೂತಗೀತೀ, ನೋಡ ಮತ್ತ!" ಎಂದು ಬೈದರು. ನಗಲಿಲ್ಲ. ಆದರೆ ದಾರಿಯಲ್ಲಿ ಕಡಿಯಲು ಒಂದು ಹಿಡಿ ಹುರಿದ ಶೇಂಗಾ ಕಟ್ಟಿಕೊಟ್ಟರು.

ಹಿರಿಯರೇ, ಈ ಸಣ್ಣ ಸಂಗತಿಯನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಬೇಗ ಏಳುವುದು ಮರ್ಯಾದೆ ಎಂದು ನಾನು ತಿಳಿದಿದ್ದೆ. ನನಗೆ ಕಂಡ ಗೆಲುವು ಎದುರಿನವರಿಗೂ ಕಂಡೇ ಇರುತ್ತದೆ ಎಂದು ನಾನಾಗಿಯೇ ಎಣಿಸಿ ಎಷ್ಟೋ ಆಟಗಳನ್ನು ಕೊಟ್ಟುಬಿಟ್ಟಿದ್ದೇನೆ. ಹಾಗೆ ಕೊಟ್ಟಾಗ ಎದುರಿನವರಿಗೆ ಹುಡುಕುವ ಕೆಲಸವೂ ಸಿಗಲಿಲ್ಲ. ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ಸೋತ ಆಟದಲ್ಲಿ ಯಾರಾದರೂ ಕೂತೇ ಇದ್ದರೆ, ಹೋಗೋ ಎಂದು ಬರೆಯಬೇಡಿ. ಗೆಲುವು ಇದ್ದರೆ ಆಡಿ ತೋರಿಸಿ, ಕೆಲಸ ಅಷ್ಟೇ. ನೀವು ಸೋಲುತ್ತಿದ್ದರೆ, ಏಳುವ ಮೊದಲು ಇನ್ನೊಂದು ನಡೆ ನೋಡಿ. ಏನೂ ಇಲ್ಲವಾದರೆ ಒಂದು ಮಾತು ಹೇಳಿ ಏಳಿ. ಗಡಿಯಾರವನ್ನು ಒಂಟಿಯಾಗಿ ಓಡಲು ಬಿಟ್ಟು ಮಾತ್ರ ಹೋಗಬೇಡಿ. ಆ ಕಡೆ ಒಬ್ಬರು ಕೂತಿರುತ್ತಾರೆ, ತಂತಿ ಹರಿದಿದೆಯೋ, ನೀವೇ ಹೋಗಿದ್ದೀರೋ ಅವರಿಗೆ ತಿಳಿಯುವುದಿಲ್ಲ.

ಧೂಳು ಇಳಿಯುತ್ತಿದೆ. ಬೆಳಿಗ್ಗೆ ಸರಕಿನ ಬಂಡಿ ಹೊರಡುತ್ತದೆ. ತೇಲುಕಾರವಾರದಲ್ಲಿ ಆಟ ಶುರುವಾಗುವ ಮೊದಲು ಆಟಗಾರರು ಎದ್ದು ನಿಂತು ಎಲ್ಲರೆದುರು ತಮ್ಮ ಹೆಸರು, ತಮ್ಮ ವಾಡಿಯ ಹೆಸರು ಗಟ್ಟಿಯಾಗಿ ಹೇಳಬೇಕಂತೆ. ಮಾವ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ತಾನು ದೂರದ ಕಂಬದ ಹತ್ತಿರ ಹೋಗಿ, "ಕೇಳವಲ್ದು! ಇನ್ನೊಮ್ಮೆ!" ಎಂದು ಕೂಗುತ್ತಿದ್ದಾನೆ. ನಾನು ಹೋಗಿ ಇನ್ನೊಮ್ಮೆ ಹೇಳಬೇಕು. ಅಪ್ಪಣೆ ಕೊಡಿ.

ದಾನಮ್ಮ