ಎರಡು ಗುಬುಟು ಬಲಕ್ಕೆ

ಮಾರ್ಚ್ 3, ಸೋಮವಾರ. ಸಂಜೆ 6.30

ಕೃತಕ ಹಲ್ಲಿನ ಲ್ಯಾಬಿನಿಂದ ಬಂದು ಕೈ ತೊಳೆದು ಕೂತೆ. ಇಂದು ಒಂಬತ್ತು ಬಿಡಿ ಹಲ್ಲು, ಒಂದು ಕೆಳದವಡೆಯ ಸೆಟ್. ಪಾಲಿಶ್ ನಾಳೆ.

ಆಟಿಕೆ ಇಟ್ಟಿಗೆಯ ಹಡಗಿನ ಒಡಲು ಮುಗಿದಿದೆ. ಪಕ್ಕೆಯ ಇಟ್ಟಿಗೆಗಳನ್ನೆಲ್ಲ ಮಗ್ಗುಲಾಗಿ ಮಲಗಿಸಿ ಕಟ್ಟಿದ್ದೇನೆ. ಇಟ್ಟಿಗೆಯ ತಲೆಯ ಮೇಲೆ ಉಬ್ಬಿರುವ ಗುಂಡು ಗುಬುಟು ಒಂದೂ ಹೊರಗೆ ಕಾಣಿಸದು. ಹೊಟ್ಟೆಯೊಳಗೆ ಮಾತ್ರ ಕೈಗೆ ಸಿಕ್ಕ ಬಣ್ಣವೆಲ್ಲ ತುಂಬಿದ್ದೇನೆ — ಗುಲಾಬಿ, ಹಳದಿ, ಗಿಳಿಹಸಿರು. ಉಳಿದದ್ದು ಹಗ್ಗ. ಮೂರು ಹಾಯಿಕಂಬ, ಮೂವತ್ತಾರು ಗಂಟು. ಚಿಮಟ ಹಿಡಿದು ಎರಡು ಗಂಟು ಹಾಕಿದೆ. ಎರಡನ್ನೂ ಬಿಚ್ಚಿದೆ. ಹಗ್ಗ ನಾಳೆ.

ಕ್ಲಬ್ಬಿನ ಸೆಕ್ರೆಟರಿ ಫೋನ್ ಮಾಡಿದ್ದ. ಕನ್ನಡಕದಂಗಡಿಯವನು. “ಸರ್, ಈ ಸಲಾನೂ ವಿಮರ್ಶೆ ನಿಮ್ದೇ. ಸ್ವಲ್ಪ ಕರುಣೆ ಇರ್ಲಿ.” ಎದುರಿಗೆ ಸರ್, ಬೆನ್ನ ಹಿಂದೆ ‘ತಕರಾರು’. ನನಗೇನೂ ಗೊತ್ತಿಲ್ಲದ್ದಲ್ಲ.

ಆಟಿಕೆ ಇಟ್ಟಿಗೆ ಜೋಡಿಸುವ ಹನ್ನೊಂದು ಮಂದಿ ದೊಡ್ಡವರಿಗೆ ಒಂದು ಕ್ಲಬ್ಬು, ಅದಕ್ಕೊಬ್ಬ ವಿಮರ್ಶಕ ಬೇರೆ ಎಂದು ನನ್ನ ಹೆಂಡತಿಯ ತಂಗಿ ನಗುತ್ತಾಳೆ. ನಗಲಿ. ಏಳು ವರ್ಷದಿಂದ ನಡೆದಿದೆ. ಪ್ರದರ್ಶನದ ಹಿಂದಿನ ದಿನ ಹಾಲ್‌ನಲ್ಲಿ ನಾನೊಬ್ಬನೇ, ಮೂರು ಗಂಟೆ. ಪ್ರತಿ ಮಾದರಿಗೆ ಒಂದು ಕಾರ್ಡು, ಒಂದೇ ಬದಿ. ಬರೆದ ಮೇಲೆ ಎತ್ತಿ ನೋಡುವುದು. ಎತ್ತಿದಾಗ ಬಿಚ್ಚಿಕೊಂಡರೆ ಅದು ಹಡಗಲ್ಲ, ಹಡಗಿನ ಫೋಟೋ. ಇವತ್ತಿನವರೆಗೆ ನನ್ನ ಕೈಯಿಂದ ಒಂದೂ ಬಿದ್ದಿಲ್ಲ.

ಮೊದಲೆಲ್ಲ ಕಾರ್ಡಿಗೆ ಎಂಟೇ ಸಾಲು ಹಿಡಿಯುತ್ತಿತ್ತು. ಹೋದ ಸಲ ಹದಿಮೂರು ಬರೆದೆ. ತಕರಾರು ಜಾಸ್ತಿಯಾಯಿತು ಎಂದು ಗೊಣಗಿದರು. ಅಭ್ಯಾಸ, ಅಷ್ಟೇ.

ಕಾಫಿ ಬಂತು. ಈಚೆಗೆ ಇವಳು ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸುತ್ತಾಳೆ. ಕೇಳಿದರೆ, “ಜಾಸ್ತಿ ಆಯ್ತು ರೀ ನಿಮ್ಮ ಕಾಫಿ.” ಮದುವೆಯಾಗಿ ಮೂವತ್ತು ವರ್ಷದ ಮೇಲೆ ಕೈ ಬಿಗಿ ಮಾಡಲು ಶುರು ಮಾಡಿದ್ದಾಳೆ.

ಮಾರ್ಚ್ 7, ಶುಕ್ರವಾರ

ಮುಂದಿನ ಆರು ಹಲ್ಲಿನ ಸೆಟ್ ವಾಪಸ್ ಬಂತು. ಡಾಕ್ಟರ ಚೀಟಿ: “ಅಂಚು ಒರಟು. ತುಟಿಗೆ ತಾಗುತ್ತದೆ.” ಭೂತಗನ್ನಡಿ ಹಿಡಿದು ನೋಡಿದೆ. ನಿಜ. ನಾನೇ ಆಗಿದ್ದರೂ ವಾಪಸ್ ಕಳಿಸುತ್ತಿದ್ದೆ.

ಇಪ್ಪತ್ತಾರು ವರ್ಷದಲ್ಲಿ ನನ್ನ ಕೆಲಸ ವಾಪಸ್ ಬಂದದ್ದು ಮೂರು ಸಲ. ಅದರಲ್ಲಿ ಎರಡು ಈ ಮೂರು ತಿಂಗಳಲ್ಲಿ. ಮಾಲೀಕರು ಸೆಟ್ಟನ್ನು ಪಕ್ಕದ ಮೇಜಿನವಳಿಗೆ ಕೊಟ್ಟರು. ಅವಳು ನನ್ನ ಕಡೆ ನೋಡದೆ ತೆಗೆದುಕೊಂಡಳು.

ಡ್ರಿಲ್ಲಿನ ಬೇರಿಂಗ್ ಸವೆದಿರಬೇಕು. ಬೆಳಕೂ ಸಾಲದು. ಟ್ಯೂಬ್ ಬದಲಿಸಿ ಎಂದು ಆಗಿನಿಂದ ಹೇಳುತ್ತಿದ್ದೇನೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ಈ ಕೆಲಸದಲ್ಲಿ ಮನುಷ್ಯನೆಂದರೆ ಕೈ, ಉಳಿದದ್ದೆಲ್ಲ ಮೇಲುಖರ್ಚು.

ಹಗ್ಗ: ಒಂದು ಗಂಟು.

ಮಾರ್ಚ್ 15, ಶನಿವಾರ. ಮಧ್ಯಾಹ್ನ 3

ಕೂಡಲೇ ಬರೆದಿಡುತ್ತೇನೆ. ಆಮೇಲೆ ಬರೆದರೆ ಬೇರೆ ತರಹ ಬರೆಯುತ್ತೇನೆ.

ಒಂಬತ್ತಕ್ಕೆ ಹಾಲ್. ಹತ್ತು ಮಾದರಿ. ನನ್ನದು ಇಟ್ಟಿಲ್ಲ, ಹಗ್ಗ ಆಗಿಲ್ಲ. ಸೆಕ್ರೆಟರಿಯ ಯುದ್ಧನೌಕೆ — ಫಿರಂಗಿಗಳು ನೀರಿನ ಮಟ್ಟಕ್ಕೇ ಇವೆ. ಮೊದಲ ಗುಂಡಿಗೇ ಮುಳುಗುವುದು ಅವನ ಹಡಗೇ ಎಂದು ಬರೆದೆ. ಬೇಕರಿಯವನ ಕೋಟೆ — ಬಾಗಿಲಿಗಿಂತ ಕುದುರೆ ದೊಡ್ಡದು. ಕುದುರೆ ಒಳಗೆ ಹುಟ್ಟಿತೇ ಎಂದು ಕೇಳಿದೆ. ಒಟ್ಟಿನಲ್ಲಿ ಖುಷಿಯಾಗಿದ್ದೆ.

ಕೊನೆಯದು ಸಿಸ್ಟರ್ ಅವರದು. ನಿವೃತ್ತ ನರ್ಸ್. ಕ್ಲಬ್ಬಿನಲ್ಲಿ ಎಲ್ಲರಿಗೂ ಸಿಸ್ಟರ್. ಅವರು ಕಟ್ಟುವುದೆಲ್ಲ ಏಳೆಂಟು ನೂರು ವರ್ಷ ಹಿಂದಿನ ಕಟ್ಟಡಗಳು. ಈ ಸಲ ಕ್ರೈಸ್ತ ಸನ್ಯಾಸಿಗಳ ಆಸ್ಪತ್ರೆ. ಉದ್ದನೆಯ ಹಜಾರ, ಅದರ ಮಗ್ಗುಲಿಗೆ ಗಂಟೆಗೋಪುರ, ಗೋಪುರದ ಮಧ್ಯದ ಅಂತಸ್ತಿನಲ್ಲಿ ಒಂದೇ ಕೋಣೆ, ಒಂದೇ ಹಾಸಿಗೆ. ಕಲ್ಲಿನ ಬೂದು ಬಣ್ಣವನ್ನು ನಾಲ್ಕು ಛಾಯೆಯಲ್ಲಿ ಬೆರೆಸಿದ್ದಾರೆ. ಅಷ್ಟು ಚೆನ್ನಾಗಿ ನನಗೆ ಬಾರದು. ಅದನ್ನು ಕಾರ್ಡಿನಲ್ಲಿ ಬರೆಯಲಿಲ್ಲ. ಕಾರ್ಡು ತುಂಬ ಬರೆದೆ, ಕೊನೆಗೆ ಇದು: “ಗೋಪುರ ಎರಡು ಗುಬುಟಿನಷ್ಟು ಬಲಕ್ಕೆ ವಾಲಿದೆ. ಅಡಿಪಾಯದ ದೋಷ. ಇಷ್ಟು ವರ್ಷ ಕಟ್ಟಿದವರು ಮಾಡಬಾರದ ತಪ್ಪು.”

ಆಮೇಲೆ ಎತ್ತಿದೆ. ಗೋಪುರ ಹಜಾರದಿಂದ ಬೇರೆಯಾಗಿ ಬರುತ್ತದೆ. ಎರಡೂ ಕೈಯಲ್ಲಿ ಹಿಡಿದೆ. ಬಲಗೈ ಮಾತು ಕೇಳಲಿಲ್ಲ. ನಡುಗಿತು ಅನ್ನಲೇ? ನಡುಗಿತು. ನೆಲಕ್ಕೆ ಬಿದ್ದು ಹಾಲ್ ತುಂಬ ಚೆಲ್ಲಾಪಿಲ್ಲಿ.

ಯಾರೂ ನೋಡಲಿಲ್ಲ. ಬಾಗಿಲು ಹಾಕಿತ್ತು. ಮಂಡಿಯೂರಿ ಒಂದೊಂದೇ ಆರಿಸಿದೆ. ಒಂದು ಗಂಟೆ ಹಿಡಿಯಿತು. ವಾಲಿಸಿ ಕಟ್ಟುವುದು ಹೇಗೋ ತಿಳಿಯಲಿಲ್ಲ. ನೆಟ್ಟಗೆ ಕಟ್ಟಿದೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಗಿ ಬಂತು. ತುಂಡಿಗೆ ತುಂಡು ಸಿಕ್ಕಿಸುವ ಒಂದು ಪಿನ್ನು ಉಳಿಯಿತು. ಹಾಸಿಗೆಯ ಒಂದು ಬದಿಯ ಕಾಲುಗಳ ಕೆಳಗೆ ಎರಡು ತೆಳು ಪ್ಲೇಟುಗಳಿದ್ದವು. ಅವು ಇದ್ದರೆ ಹಾಸಿಗೆ ಓರೆಯಾಗುತ್ತದೆ. ತೆಗೆದೆ. ಮೂರನ್ನೂ ಜೇಬಿಗೆ ಹಾಕಿಕೊಂಡೆ. ಬೇರೆಯವರ ಕೈಯಲ್ಲಿ ತುಂಡು ಉಳಿದಿದ್ದರೆ ಏನು ಬರೆಯುತ್ತಿದ್ದೆನೋ.

ಅಷ್ಟರಲ್ಲಿ ಸೆಕ್ರೆಟರಿ ಬಂದ. “ಮುಗೀತಾ ಸರ್?” ಎಂದ. ಮುಗಿಯಿತು ಎಂದೆ. ಕಾರ್ಡುಗಳನ್ನು ಬಾಚಿಕೊಂಡು ಹೋದ.

ಸಂಜೆ 5

ಕಾರ್ಡು! ಸಿಸ್ಟರ್ ಅವರ ಕಾರ್ಡನ್ನು ನಾನು ಬದಲಿಸಲಿಲ್ಲ. ಅದರಲ್ಲಿ ಗೋಪುರ ವಾಲಿದೆ ಎಂದೇ ಇದೆ.

ಮಾರ್ಚ್ 16, ಭಾನುವಾರ

ಪ್ರದರ್ಶನ ಆಯಿತು. ಜನ ಪರವಾಗಿಲ್ಲ.

ಕಾರ್ಡು ಓದಿ ಯಾರೂ ಎದುರಾಡಬಾರದು, ಕಾಫಿಯ ಹೊತ್ತಿನವರೆಗೆ. ಅದು ನಿಯಮ. ಸೆಕ್ರೆಟರಿ ನನ್ನ ಕಾರ್ಡನ್ನು ಎರಡು ಸಲ ಓದಿದ, ಗೋಪುರ ನೋಡಿದ, ಜೇಬಿನಿಂದ ಅಳತೆಪಟ್ಟಿ ತೆಗೆದು ಅದರ ಪಕ್ಕಕ್ಕೆ ಹಿಡಿದ. ಕೂದಲೆಳೆಯಷ್ಟೂ ವಾಲಿಲ್ಲ.

ಕಾಫಿಗೆ ಎಲ್ಲರೂ ಸೇರಿದಾಗ ಶುರುವಾಯಿತು. “ಸರ್, ನಾಳೆ ಅಂಗಡಿಗೆ ಬನ್ನಿ. ನಂಬರ್ ಚೆಕ್ ಮಾಡ್ತೀನಿ. ಫ್ರೇಮ್ ನನ್ ಲೆಕ್ಕ.” ಹೋ ಎಂದು ನಗು. ಏಳು ವರ್ಷದ ಬಾಕಿಯನ್ನು ಒಂದೇ ಸಲ ತೀರಿಸಿಕೊಂಡರು. ಬೇಕರಿಯವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. “ನನ್ ಕುದ್ರೇನೂ ಚಿಕ್ಕದೇ ಇರ್ಬೇಕು ಬಿಡಿ!”

“ಕಣ್ಣಿನ ದೋಷವೇ ಇರಬಹುದು,” ಎಂದೆ.

ಸಿಸ್ಟರ್ ನಗಲಿಲ್ಲ. ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡರು. ಬಗ್ಗಿ ಗೋಪುರದ ಕಿಟಕಿಯೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಮುಖವನ್ನಲ್ಲ. ಲೋಟ ಹಿಡಿದಿದ್ದ ಕೈಯನ್ನು. ಲೋಟ ಮೇಜಿನ ಮೇಲಿಟ್ಟೆ. ಸ್ವಲ್ಪ ಚೆಲ್ಲಿತು.

ಮಾರ್ಚ್ 17, ಸೋಮವಾರ. ಬೆಳಗ್ಗೆ 7

ಬಟ್ಟೆ ಒಗೆಯಲು ಹಾಕುವಾಗ ಇವಳು ಕರೆದಳು. “ರೀ, ಜೇಬಲ್ಲಿ ಇದೇನು? ಮಷೀನಿಗೆ ಹೋಗ್ತಿತ್ತು.” ಅಂಗೈಯಲ್ಲಿ ಒಂದು ಪಿನ್ನು, ಎರಡು ಪ್ಲೇಟು.

ಅಲ್ಲೇ ನಿಂತಾಗ ಹೊಳೆಯಿತು. ಗೋಪುರ ವಾಲಿದ್ದು ತಪ್ಪಿನಿಂದಲ್ಲ. ಹಳೆಯ ಕಟ್ಟಡ ಒಂದು ಕಡೆ ಕುಸಿದಿದೆ ಎಂದು ಬೇಕೆಂದೇ ವಾಲಿಸಿದ್ದಾರೆ. ಕೋಣೆಯ ನೆಲವೂ ವಾಲಿದೆ. ಅಲ್ಲಿ ಮಲಗುವ ರೋಗಿ ಉರುಳಬಾರದಲ್ಲ. ಅದಕ್ಕೇ ಆ ಬದಿಯ ಎರಡು ಕಾಲಿನ ಕೆಳಗೆ ಒಂದೊಂದು ಪ್ಲೇಟು. ಹೊರಗಿನಿಂದ ಯಾರಿಗೂ ಕಾಣದ ಕೆಲಸ. ಕಿಟಕಿಯಲ್ಲಿ ಇಣುಕಿದವರಿಗೆ ಮಾತ್ರ. ನಾನು ಇಣುಕಲಿಲ್ಲ.

“ಏನ್ರೀ, ಬೇಕಾ ಇದು, ಬಿಸಾಕ್ಲಾ?”

ಬೇಕು ಎಂದೆ. ನಾಚಿಕೆಯಾಯಿತು. ಇದನ್ನು ಬೇರೆ ಯಾವ ಮಾತಿನಲ್ಲೂ ಬರೆಯಲಾಗದು.

ಮಾರ್ಚ್ 30, ಭಾನುವಾರ

ಎರಡು ವಾರ ಬರೆದಿಲ್ಲ. ಬರೆಯುವಂಥದ್ದಿಲ್ಲ.

ನನ್ನ ಇಟ್ಟಿಗೆಯಲ್ಲೇ ಆ ಗೋಪುರ ಕಟ್ಟಿ ನೋಡಿದೆ. ಐದು ಸಲ. ವಾಲಿಸಿದರೆ ಬೀಳುತ್ತದೆ, ಬೀಳದಿದ್ದರೆ ವಾಲುವುದಿಲ್ಲ. ಪಿನ್ನು ಎಲ್ಲಿ ಕೂರಬೇಕೋ ತಿಳಿಯದು. ಕಂಡವರ ತಪ್ಪೆಲ್ಲ ಹುಡುಕುವವನಿಗೆ ಒಂದು ತಪ್ಪನ್ನು ಸರಿಯಾಗಿ ಮಾಡಲು ಬರುತ್ತಿಲ್ಲ.

ಲ್ಯಾಬಿನಲ್ಲಿ ಈಗ ನನಗೆ ಬರುವುದು ಅಚ್ಚು ಹೊಯ್ಯುವ ಕೆಲಸ. ಮುಂದಿನ ಹಲ್ಲುಗಳೆಲ್ಲ ಪಕ್ಕದ ಮೇಜಿಗೆ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ಯೂಬ್ ಬದಲಿಸಿದ್ದಾರೆ. ಬೆಳಕು ಚೆನ್ನಾಗಿದೆ.

ಹಡಗಿನ ಮೇಲೆ ಬಟ್ಟೆ ಹೊದಿಸಿದೆ.

ಏಪ್ರಿಲ್ 5, ಶನಿವಾರ. ಸಂಜೆ 6

ಸಿಸ್ಟರ್ ಮನೆಗೆ ಹೋದೆ. ಹೇಳದೆ ಕೇಳದೆ. ಎರಡನೇ ಮಹಡಿ. ಬಾಗಿಲಲ್ಲೇ ಅಂಗೈ ಚಾಚಿ ಪಿನ್ನು, ಪ್ಲೇಟು ತೋರಿಸಿದೆ. “ನಿಮ್ಮ ಗೋಪುರ ನನ್ನ ಕೈಯಿಂದ ಬಿತ್ತು. ಅವತ್ತೇ ಹೇಳಬೇಕಿತ್ತು.”

“ಗೊತ್ತು ಸರ್. ಒಳಗ್ ಬನ್ನಿ.”

ಮುಂದಿನ ಕೋಣೆಯಲ್ಲಿ ಆಸ್ಪತ್ರೆ ಇತ್ತು. ಗೋಪುರ ಇನ್ನೂ ನೆಟ್ಟಗೇ. ಯಾಕೆ ಸರಿ ಮಾಡಲಿಲ್ಲ ಎಂದು ಕೇಳಿದೆ. “ನೀವು ಬರ್ತೀರ ಅಂತ,” ಎಂದರು. “ನನ್ ಕೆಲ್ಸ ಅಲ್ವಲ್ಲ ಅದು. ಕೂತ್ಕೊಳ್ಳಿ, ನೀವೇ ಬಿಚ್ಚಿ.”

ಬಿಚ್ಚಿದೆ. ಅವರು ಹೇಳಿಕೊಟ್ಟರು. ಗೋಪುರ ತನ್ನ ತಳದ ಮೇಲೆ ನಿಂತೇ ಇಲ್ಲ. ಹಜಾರದ ಗೋಡೆಯಿಂದ ಒಂದು ಪಿನ್ನು ಹೊರಬಂದು ಅದರ ಪಕ್ಕೆಗೆ ಸಿಕ್ಕುತ್ತದೆ. ಭಾರವೆಲ್ಲ ಪಕ್ಕದ ಗೋಡೆಗೆ. ಇಷ್ಟೇ. ಐದು ಸಲ ಕಟ್ಟಿದ ನನಗೆ ಪಕ್ಕದ ಗೋಡೆಯ ನೆನಪೇ ಆಗಲಿಲ್ಲ, ಗೋಪುರ ಒಂದನ್ನೇ ಕಟ್ಟುತ್ತಿದ್ದೆ.

ಪಿನ್ನು ಕೂರಿಸಲು ಹೋದೆ. ತೂತಿನ ಸುತ್ತ ಮೂರು ಸಲ ತಡವರಿಸಿದೆ. ಸಿಸ್ಟರ್ ಸಹಾಯಕ್ಕೆ ಬರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ನಾಲ್ಕನೆಯದಕ್ಕೆ ಕೂತಿತು.

“ಈ ಕೈ ಎಷ್ಟ್ ದಿನದಿಂದ ಹೀಗೆ ಸರ್?”

ಬೆಳಕು, ಬೇರಿಂಗ್, ಕಾಫಿ ಎಲ್ಲ ಹೇಳಿದೆ. ಕೇಳಿಸಿಕೊಂಡರು. ನರರೋಗದ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಕೇಳಿಸಿಕೊಂಡವರು. ಎದ್ದು ಒಂದು ಡಬ್ಬಿ ತಂದರು. ಅದರಿಂದ ನಾಲ್ಕು ಕಾರ್ಡು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನನ್ನವೇ. ಅವರ ಸೇತುವೆ, ಗಿರಣಿ, ಕಾವಲುಗೋಪುರ, ಈಗಿನ ಆಸ್ಪತ್ರೆ. ಎರಡು ವರ್ಷದ ವಿಮರ್ಶೆ. ನಾನು ಬಗ್ಗಿ ಓದಲು ಹೋದೆ.

“ಓದ್ಬೇಡಿ ಸರ್. ದೂರದಿಂದ ನೋಡಿ ಸಾಕು.”

ನೋಡಿದೆ. ಸೇತುವೆಗೆ ಎಂಟು ಸಾಲು, ಅಕ್ಷರ ದುಂಡಗೆ ದೊಡ್ಡದು. ಗಿರಣಿಗೆ ಹತ್ತು. ಕಾವಲುಗೋಪುರಕ್ಕೆ ಹದಿಮೂರು. ಆಸ್ಪತ್ರೆಗೆ ಹದಿನೇಳು, ಸಾಲಿನ ಕೊನೆಗೆ ಬರುತ್ತಾ ಬರುತ್ತಾ ಸಾಸಿವೆ ಕಾಳು. ತಕರಾರು ಹೆಚ್ಚಾದದ್ದಲ್ಲ. ಅಕ್ಷರ ಕುಗ್ಗುತ್ತಾ ಬಂದಿದೆ. ಅದೇ ಕಾರ್ಡು, ಅದೇ ಪೆನ್ನು.

ಹೆದರಿಕೆಯಾಯಿತು.

“ಏನಿದು?” ಎಂದೆ.

“ನರದ ತೊಂದ್ರೇಲಿ ಅಕ್ಷರಾನೂ ಹೀಗೆ ಕುಗ್ಗುತ್ತೆ. ಕಾಯಿಲೆ ಹೆಸ್ರು ನಾನ್ ಹೇಳಲ್ಲ. ಡಾಕ್ಟ್ರು ನೋಡಿ ಹೇಳ್ಬೇಕು. ಏನೂ ಇಲ್ದೇನೂ ಇರ್ಬಹುದು. ಆದ್ರೆ ತೋರ್ಸಿ. ಔಷಧಿ ಇದೆ, ತಡ ಮಾಡ್ಬೇಡಿ.” ಚೀಟಿಯಲ್ಲಿ ಡಾಕ್ಟರ ಹೆಸರು ಬರೆದುಕೊಟ್ಟರು. “ಮನೇಲಿ ಹೇಳಿದ್ದೀರಾ?”

ಇಲ್ಲ ಎಂದೆ. ಅವಳಿಗೇನೂ ಗೊತ್ತಿಲ್ಲ.

ಸಿಸ್ಟರ್ ಒಂದು ತರಹ ನೋಡಿದರು. “ಮೊದ್ಲು ಮನೇಲಿ ಹೇಳಿ. ಆಮೇಲೆ ಡಾಕ್ಟ್ರು.”

ಹೊರಡುವಾಗ ಗೋಪುರದ ಕಿಟಕಿಯಲ್ಲಿ ಇಣುಕಿದೆ. ನೆಲ ಬಲಕ್ಕೆ ವಾಲಿತ್ತು. ಹಾಸಿಗೆ ಸಮವಾಗಿತ್ತು.

ಏಪ್ರಿಲ್ 6, ಭಾನುವಾರ. ಬೆಳಗ್ಗೆ 10

ಈ ಪುಸ್ತಕವನ್ನೇ ಹಿಂದಕ್ಕೆ ತಿರುವಿದೆ. ಜನವರಿ ಒಂದರ ಪುಟ, ಇಪ್ಪತ್ತೆರಡು ಸಾಲು. ನಿನ್ನೆಯ ಪುಟ, ಮೂವತ್ತೊಂದು. ಯಾರಿಗೂ ತೋರಿಸದ ಪುಸ್ತಕ ಮೂರು ತಿಂಗಳಿಂದ ಚಾಡಿ ಹೇಳುತ್ತಿತ್ತು. ನಾನು ಓದುತ್ತಿದ್ದೆ, ನೋಡುತ್ತಿರಲಿಲ್ಲ.

ಈಗ ಬೇಕೆಂದೇ ದೊಡ್ಡದಾಗಿ ಬರೆಯುತ್ತಿದ್ದೇನೆ. ಎರಡು ಸಾಲಿಗೇ ಸುಸ್ತು.

ಇವಳಿಗೆ ಒಂದು ವಿಷಯ ಹೇಳಬೇಕು, ಕಾಫಿ ತಂದು ಕೂತುಕೋ ಎಂದಿದ್ದೇನೆ. ಹೇಗೆ ಶುರು ಮಾಡುವುದೆಂದು ಇಲ್ಲಿ ಬರೆದು ನೋಡುತ್ತಿದ್ದೇನೆ. ‘ಗಾಬರಿಯಾಗಬೇಡ’ — ಬೇಡ. ‘ಏನೂ ಇಲ್ಲ, ಆದರೆ’ — ಅದೂ ಬೇಡ. ಚೀಟಿ ಮುಂದಿಟ್ಟುಬಿಡಲೇ...

ಬಂದಳು. ಲೋಟ ಇಟ್ಟಳು. ಎದುರು ಕೂತಳು.

ಲೋಟ ಮುಕ್ಕಾಲು.

ಲೋಟವನ್ನೇ ನೋಡುತ್ತಾ ಕೇಳಿದೆ, “ಇದು ಯಾವಾಗಿಂದ?”

ಕಾಫಿ ಜಾಸ್ತಿಯಾಯಿತು ಎನ್ನಲಿಲ್ಲ ಈ ಸಲ. “ಹೋದ್ ವರ್ಷದ ಕೊನೇಲಿ ಕಾಫಿ ಚೆಲ್ಲಿದ್ರಲ್ಲ, ಆವಾಗಿಂದ,” ಎಂದಳು. “ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ.”

ಮೂವತ್ತು ವರ್ಷದಲ್ಲಿ ಇವಳಿಗೆ ಒಂದು ಒಳ್ಳೆಯ ಕಾರ್ಡು ಬರೆದವನಲ್ಲ ನಾನು. ಕೈ ಬಿಗಿ ಎಂದು ಬರೆದೆ. ಮಾರ್ಚ್ ಮೂರು. ಆ ಪುಟ ಹರಿದು

“ಆಮೇಲ್ ಬರೀರಂತೆ. ಕೈ ಕೊಡಿ ಇಲ್ಲಿ.”

ಎಡಗೈ ಕೊಟ್ಟೆ. ಅದಲ್ಲ ಎನ್ನುತ್ತಿದ್ದಾಳೆ. ಪೆನ್ನು ಹಿಡಿದಿರುವ