ಹತ್ತೊಂಬತ್ತು ಖರ್ಜೂರದ ಬೀಜ

ಸೂಸ್
ಬುಧವಾರ, ಫೆಬ್ರವರಿ 5, 2025

ನನ್ನ ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಒಲ್ಫಾಳ ಸಲಾಮು. ತಸ್ನೀಮ್ ಈಗಷ್ಟೇ ಮಲಗಿದಳು. ನನ್ನ ಎಡಗೈ ಬೆರಳನ್ನು ಹಿಡಿದುಕೊಂಡೇ ಮಲಗಿದ್ದಾಳೆ, ಬಿಡಿಸಿಕೊಂಡರೆ ಎದ್ದುಬಿಡುತ್ತಾಳೆ. ಹಾಗಾಗಿ ಒಂದೇ ಕೈಯಲ್ಲಿ, ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಹಾಳೆ ಜಾರುತ್ತದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ನೀನು ಫೋನನ್ನು ಕಿವಿಗೆ ಇಟ್ಟುಕೊಳ್ಳುವುದಿಲ್ಲವಲ್ಲ ಅಮ್ಮ. ಅಡುಗೆಕಟ್ಟೆಯ ಮೇಲಿಟ್ಟು, ದನಿ ಜೋರು ಮಾಡಿ, ಈರುಳ್ಳಿ ಹೆಚ್ಚುತ್ತಾ ಮಾತಾಡುತ್ತೀಯ. ಹಿಂದೆ ತಮ್ಮ ನಿಝಾರ್ ಕೆಮ್ಮುವುದು ನನಗೆ ಕೇಳಿಸುತ್ತದೆ. ಅವನೆದುರು ನಾನು ಏನು ಹೇಳಲಿ? ಅವನಿಲ್ಲದಾಗಲೂ, ನಾನು ಆ ವಿಷಯದ ಹತ್ತಿರ ಬಂದರೆ ಸಾಕು, "ಮಗು ಏನ್ ತಿಂತು?" ಎನ್ನುತ್ತೀಯ. ಮೂರು ದಿನದಲ್ಲಿ ನಾಲ್ಕು ಸಲ ಹೇಳಿದ್ದೇನೆ, ಕುಂಬಳಕಾಯಿ ತಿಂದಳು ಎಂದು.

ನಿನ್ನ ಪಕ್ಕದ ಮನೆಯ ಖಾಲಾ ಫೌಝಿಯಾ ಮಗಳ ಮನೆಗೆಂದು ಸೂಸ್‌ಗೆ ಬಂದಿದ್ದಾಳಲ್ಲ, ನಾಳೆ ಮಹ್ದಿಯಾಕ್ಕೆ ವಾಪಸು ಹೊರಡುತ್ತಾಳೆ. ಕಾಗದವನ್ನು ನಿನ್ನ ಕೈಗೇ ಕೊಡುತ್ತಾಳೆ. ಸಂಜೆ ಬಂದು ತೆಗೆದುಕೊಳ್ಳುತ್ತೇನೆ ಎಂದಿದ್ದಾಳೆ. ಓದುವಾಗ ಅಡುಗೆಮನೆಯ ಬಾಗಿಲು ಹಾಕಿಕೊ.

ವಿಷಯ ಇಷ್ಟೇ. ಬರುವ ಮಂಗಳವಾರ ನೀನು ಇಲ್ಲಿಗೆ ಬಂದು ಒಬ್ಬ ಹೆಂಗಸು ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ಡಾಕ್ಟರ್ ತೌಫೀಕ್ ನೋಡಿದ್ದಾರಲ್ಲ, ಇನ್ನೊಬ್ಬರು ಯಾಕೆ ಎನ್ನುತ್ತೀಯ. ಅವರು ನೋಡಿದರೇ ಅಮ್ಮ? ಡಿಸೆಂಬರಿನಲ್ಲಿ ನಾವಿಬ್ಬರೂ ಅವರ ಕ್ಲಿನಿಕ್ಕಿನಲ್ಲಿ ಕೂತಿದ್ದು ನೆನಪಿದೆಯೇ? ನೀನು ಹೊಸ ಆಲಿವ್ ಎಣ್ಣೆಯ ಸೀಸೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಒಳಗೆ ಹೋದ ಕೂಡಲೇ ಅದನ್ನು ಮೇಜಿನ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ಮೂಸಿದರು. ಯಾವ ಗಾಣದ್ದು, ಈ ಸಲ ಕಾಯಿ ಹೇಗೆ, ಬೇಗ ಕೊಯ್ದಿರೋ ತಡವಾಗಿಯೋ, ಅಪ್ಪ ನೆಟ್ಟ ಮರಗಳು ಇನ್ನೂ ಕಾಯಿ ಕೊಡುತ್ತಿವೆಯೋ ಎಂದು ಕೇಳಿದರು. ಎಣ್ಣೆಯ ಬಗ್ಗೆ ನಾಲ್ಕು ಪ್ರಶ್ನೆ. ನಿನ್ನ ಬಗ್ಗೆ ಒಂದೇ, "ಏನ್ ತಂಗೀ, ಏನ್ ತೊಂದ್ರೆ?"

ಅವರನ್ನು ನೀನು ಅಣ್ಣ ಎಂದು ಕರೆಯುತ್ತೀಯ. ಅಪ್ಪನ ಜೊತೆ ಇಪ್ಪತ್ತು ವರ್ಷ ಇಸ್ಪೀಟಾಡಿದವರು, ಅಪ್ಪನ ಕೊನೆಯ ದಿನಗಳಲ್ಲಿ ಕರೆಯದಿದ್ದರೂ ಬಂದು ಕೂರುತ್ತಿದ್ದವರು, ನಿಝಾರನ ಗದ್ದಕ್ಕೆ ಹೊಲಿಗೆ ಹಾಕಿದವರು. ಅಂಥವರೆದುರು ರಕ್ತ ಎಂಬ ಮಾತು ನಿನ್ನ ಬಾಯಿಂದ ಹೊರಡಲಿಲ್ಲ. ಮಂಡಿ ನೋವು ಎಂದೆ. ಸೆಕೆಯಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದೆ. ಅವರು ನಿನ್ನ ಕೋಟಿನ ತೋಳಿನ ಮೇಲೆಯೇ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ನಿನ್ನನ್ನು ಕುರ್ಚಿಯಿಂದ ಏಳಿಸಲೂ ಇಲ್ಲ.

"ಐವತ್ತು ದಾಟ್ತು ನಿಂಗೆ. ಈ ವಯಸ್ಸಲ್ಲಿ ಹೆಂಗಸ್ರಿಗೆ ಎಲ್ಲಾ ಹೀಗೇ ತಂಗೀ. ನಮ್ಮನೆಯೋಳೂ ಎರಡು ವರ್ಷ ನನ್ ತಲೆ ತಿಂದ್ಲು" ಎಂದು ನಕ್ಕರು. ನೀನೂ ನಕ್ಕೆ. ನಾನೂ ನಕ್ಕಿರಬೇಕು.

ಆಮೇಲೆ ನಾನು ಬಾಯಿ ಬಿಟ್ಟೆ. ತಿಂಗಳ ರಕ್ತ ಜಾಸ್ತಿ ಹೋಗುತ್ತಿದೆಯಂತೆ ಎಂದೆ. 'ಅಂತೆ' ಎಂದೆ ನೋಡು. ನಾನು ಜೀವಶಾಸ್ತ್ರ ಓದಿದವಳು. ಗರ್ಭಕೋಶದ ಚಿತ್ರವನ್ನು ಹಲಗೆಯ ಮೇಲೆ ಬಿಡಿಸಿ, ಒಂದೊಂದು ಭಾಗಕ್ಕೂ ಹೆಸರು ಬರೆದು ಮೂವತ್ತು ಮಕ್ಕಳಿಗೆ ಪಾಠ ಮಾಡುವವಳು. ಅಲ್ಲಿ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದೆ. ಅವರು ಪೆನ್ನು ಎತ್ತದೆಯೇ ನನ್ನ ಕಡೆ ನೋಡಿದರು. "ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮಾ? ಬಾಣಂತಿ ಕಣ್ಣಿಗೆ ಎಲ್ಲಾ ದೊಡ್ಡದಾಗೇ ಕಾಣುತ್ತೆ" ಎಂದರು. ಒಂದೇ ಚೀಟಿಯಲ್ಲಿ ಮೇಲೆ ನಿನ್ನ ಹೆಸರು, ಕೆಳಗೆ ನನ್ನ ಹೆಸರು, ಇಬ್ಬರಿಗೂ ಒಂದೇ ಮಾತ್ರೆ, ಮನಸ್ಸು ತಣ್ಣಗಾಗಲು. ತಾಯಿಗೂ ಮಗಳಿಗೂ ಒಂದೇ ಸಲ ಮುಗಿಸಿದ ಖುಷಿ ಅವರ ಮುಖದಲ್ಲಿತ್ತು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ತಸ್ನೀಮ್ ಎದ್ದಳು. ಹಾಲು ಕುಡಿಸಿ, ಹೆಗಲ ಮೇಲೆ ಹಾಕಿಕೊಂಡು ಇಡೀ ಮನೆ ಸುತ್ತಿ, ಮತ್ತೆ ಮಲಗಿಸಿದ್ದೇನೆ. ಎಲ್ಲಿದ್ದೆ? ಚೀಟಿ.

ಅವರನ್ನು ದೂರಲು ನಾನು ಈ ಕಾಗದ ಬರೆಯುತ್ತಿಲ್ಲ ಅಮ್ಮ. ದೂರಬೇಕಾದರೆ ಮೊದಲು ನನ್ನನ್ನೇ ದೂರಬೇಕು. ಹೇಳಲು ಕಷ್ಟವಾಗುತ್ತಿದೆ, ಆದರೂ ಬರೆದುಬಿಡುತ್ತೇನೆ. ಕ್ಲಿನಿಕ್ಕಿನಿಂದ ಹೊರಗೆ ಬಂದಾಗ ನನಗೆ ಸಮಾಧಾನವಾಗಿತ್ತು. ಜನವರಿಯಲ್ಲಿ ಶಾಲೆಗೆ ಹೋಗಬೇಕಿತ್ತು, ನೀನು ಬಂದು ಮಗುವನ್ನು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ನಿನಗೆ ಏನೂ ಇಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ ನೀನು ಬರಬಹುದಿತ್ತು. ಬಂದೆ. ನಾಲ್ಕು ವಾರ ಆ ಒಂಬತ್ತು ಕಿಲೋ ಮಗುವನ್ನು ಸೊಂಟದ ಮೇಲೆ ಹೊತ್ತೆ. ಎಂಟು ತಿಂಗಳಲ್ಲಿ ಮೊದಲ ಸಲ ನಾನು ನಿದ್ದೆ ಮಾಡಿದೆ.

ಎರಡನೇ ವಾರ ನಿನ್ನ ಮಂಚದ ಕೆಳಗೆ ಗುಡಿಸುವಾಗ ಕಪ್ಪು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಮೂರು ಟವೆಲ್. ನೀನು ತೊಳೆದು ಹಿಂಡಿದ್ದೆ, ಒಣಗಿಸಲು ಜಾಗ ಸಿಕ್ಕಿರಲಿಲ್ಲ ಅಷ್ಟೆ. ಅಳಿಯ ಅನಿಸ್‌ನ ಕಣ್ಣಿಗೆ ಬೀಳಬಾರದೆಂದು ನೀನು ಬೆಳಗಿನ ನಮಾಜಿಗೂ ಮೊದಲು ಎದ್ದು ಹಾಸಿಗೆಯ ಚಾದರ ಒಗೆಯುತ್ತಿದ್ದುದು ಆಗ ಅರ್ಥವಾಯಿತು. ಚೀಲವನ್ನು ಎಲ್ಲಿತ್ತೋ ಅಲ್ಲೇ ತಳ್ಳಿದೆ. ನಿನಗೆ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತು, ಆಮೇಲೆ ಮಗುವನ್ನು ಯಾರು ನೋಡಿಕೊಳ್ಳುವುದು? ಇನ್ನೊಂದು ವಾರ ನಿದ್ದೆ ಮಾಡೋಣ, ಆಮೇಲೆ ಕೇಳಿದರಾಯಿತು ಎಂದುಕೊಂಡೆ. ಹಾಗೆಯೇ ಎರಡು ವಾರ ಕಳೆದವು. ಡಾಕ್ಟರ್ ನೋಡದೆ ಹೇಳಿದರು. ನಾನು ನೋಡಿಯೂ ಹೇಳಲಿಲ್ಲ.

ಮೊನ್ನೆ ಭಾನುವಾರ ನಿನ್ನನ್ನು ಮಹ್ದಿಯಾಕ್ಕೆ ಬಿಡಲು ಬಂದೆನಲ್ಲ. ಜೀರಿಗೆ ಹುಡುಕುತ್ತಾ ಅಡುಗೆಮನೆಯ ಮೇಲಿನ ಹಲಗೆಗೆ ಕೈ ಹಾಕಿದಾಗ ನಿನ್ನ ಗಾಜಿನ ಭರಣಿ ಸಿಕ್ಕಿತು. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ರಂಜಾನಿನಲ್ಲಿ ಮುಟ್ಟಾಗಿ ಉಪವಾಸ ತಪ್ಪಿದ ಒಂದೊಂದು ದಿನಕ್ಕೆ ಒಂದೊಂದು ಖರ್ಜೂರದ ಬೀಜ ಹಾಕುತ್ತೀಯ. ಆಮೇಲೆ ಸೋಮವಾರ, ಗುರುವಾರಗಳಲ್ಲಿ ಉಪವಾಸ ಮಾಡಿ ಒಂದೊಂದೇ ತೆಗೆಯುತ್ತೀಯ. ಪ್ರತಿ ವರ್ಷ ಆರೋ ಏಳೋ ಬೀಜ. ಈದ್ ಕಳೆದು ಎರಡು ತಿಂಗಳಲ್ಲಿ ಭರಣಿ ಖಾಲಿ. "ದೇವರ ದಿನಗಳನ್ನ ಬಾಕಿ ಇಟ್ಕೊಂಡು ನಂಗೆ ನಿದ್ದೆ ಬರಲ್ಲ" ಎನ್ನುತ್ತಿದ್ದೆ.

ಹೋದ ವರ್ಷ ಈದ್‌ಗೆ ಬಂದಾಗ ಭರಣಿ ಅರ್ಧ ತುಂಬಿತ್ತು. ನಾನು ಬಸುರಿ, ಆ ರಂಜಾನಿನಲ್ಲಿ ಒಂದು ದಿನವೂ ಉಪವಾಸ ಮಾಡಿರಲಿಲ್ಲ. "ನನ್ ದಿನಗಳನ್ನೂ ನೀನೇ ಹಾಕ್ಕೊಂಡು ಕೂತಿದ್ದೀಯೇನಮ್ಮಾ?" ಎಂದು ತಮಾಷೆ ಮಾಡಿದೆ. ನೀನು ನನ್ನ ಮುಖ ನೋಡಲಿಲ್ಲ. "ಹೂಂ ಮತ್ತೆ, ನೀನು ಮರೆಯೋಳು" ಎಂದೆ. ನೆಪದ ಬಾಗಿಲನ್ನು ನಾನೇ ತೆರೆದು ಕೊಟ್ಟೆ, ನೀನು ಅದರ ಹಿಂದೆ ಅಡಗಿಕೊಂಡೆ.

ಭಾನುವಾರ ನೀನು ಹಿತ್ತಲಿನಲ್ಲಿದ್ದಾಗ ಭರಣಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಹತ್ತೊಂಬತ್ತು. ನನ್ನವಾಗಿದ್ದರೆ ಇಪ್ಪತ್ತೊಂಬತ್ತು ಇರಬೇಕಿತ್ತು, ಹೋದ ರಂಜಾನಿನ ಅಷ್ಟೂ ದಿನ. ನೀನು ಎಣಿಕೆ ತಪ್ಪುವವಳಲ್ಲ. ಅಂದರೆ ಅವು ನಿನ್ನವು. ತಿಂಗಳಲ್ಲಿ ಹತ್ತೊಂಬತ್ತು ದಿನ ನಿನಗೆ ರಕ್ತ ಹೋಗಿದೆ, ಇಲ್ಲವೇ ಎದ್ದು ನಿಲ್ಲಲು ಆಗಿಲ್ಲ. ಆ ದಿನಗಳಲ್ಲೆಲ್ಲ ನೀನು ನಿಝಾರನೆದುರು ಉಪವಾಸವಿರುವವಳಂತೆ ಸಾರು ಕಾಯಿಸುತ್ತಾ, ಬಾಗಿಲ ಹಿಂದೆ ಒಂದು ತುಂಡು ರೊಟ್ಟಿ ನುಂಗುತ್ತಾ, ಸಂಜೆ ಮಸೀದಿಯ ಬಾಂಗ್‌ಗೆ ಅವನ ಜೊತೆ ಕೂತು ಮೊದಲ ಖರ್ಜೂರ ತಿಂದಿದ್ದೀಯ. ಅದೇ ಬೀಜವನ್ನು ಭರಣಿಗೆ ಹಾಕಿದ್ದೀಯ.

ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಹತ್ತು ತಿಂಗಳಾಯಿತು, ಭರಣಿ ಈದ್‌ನಲ್ಲಿ ಎಷ್ಟು ತುಂಬಿತ್ತೋ ಈಗಲೂ ಅಷ್ಟೇ ಇದೆ, ಒಂದು ಬೀಜವೂ ಕಡಿಮೆಯಾಗಿಲ್ಲ. ಮುಂದಿನ ರಂಜಾನಿಗೆ ಇನ್ನು ಮೂರೂವರೆ ವಾರ. ನೀನು, ನನ್ನ ಅಮ್ಮ, ಹತ್ತು ತಿಂಗಳಲ್ಲಿ ಒಂದೇ ಒಂದು ಉಪವಾಸ ಮಾಡಲು ಆಗದಷ್ಟು ಸೋತಿದ್ದೀಯ ಎಂದರೆ ಅದು ವಯಸ್ಸಲ್ಲ.

ನೀನು ಒಳಗೆ ಬಂದೆ. ಮೇಜಿನ ಮೇಲಿನ ಬೀಜಗಳನ್ನು ನೋಡಿದೆ. "ಅವು ನಿನ್ನವೇ ಕಣೇ" ಎಂದೆ. ಅಷ್ಟರಲ್ಲಿ ನಿಝಾರ್ ಚಹಾ ಕೇಳುತ್ತಾ ಬಂದ. ನೀನು ಒಂದೇ ಕೈಯಲ್ಲಿ ಎಲ್ಲವನ್ನೂ ಬಳಿದು ಭರಣಿಗೆ ಹಾಕಿದೆ. ನಿನ್ನ ಉಗುರುಗಳು ಕಾಗದದಂತೆ ಬೆಳ್ಳಗಿದ್ದವು. ವಾಪಸು ಬರುವ ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಅದನ್ನೇ ನೋಡುತ್ತಿದ್ದೆ, ನೀನು ಅಲ್ಲಿ ಇಲ್ಲದಿದ್ದರೂ.

ಅಜ್ಜಿ ನಿಶ್ಶಕ್ತಿಯಿಂದ ಹೋದಳು ಎಂದು ನೀನು ಯಾವಾಗಲೂ ಹೇಳುತ್ತೀಯ. ಐವತ್ಮೂರಕ್ಕೆ. ಆ ನಿಶ್ಶಕ್ತಿಗೂ ಒಂದು ಹೆಸರು ಇದ್ದಿರಬೇಕು ಅಮ್ಮ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಿನಗೆ ಐವತ್ತೊಂದು. ನನಗೆ ಲೆಕ್ಕ ಮಾಡಲು ಇಷ್ಟವಿಲ್ಲ, ಆದರೆ ತಸ್ನೀಮ್ ಹಾಲು ಕುಡಿಯುವಷ್ಟು ಹೊತ್ತೂ ತಲೆ ಅದನ್ನೇ ಮಾಡುತ್ತದೆ.

ಸೋಮವಾರ ಇಲ್ಲಿಯ ಹೆಂಗಸು ಡಾಕ್ಟರಿಗೆ ಫೋನ್ ಮಾಡಿದೆ. ನನ್ನ ಜೊತೆ ಪಾಠ ಮಾಡುವವಳೊಬ್ಬಳು ನಂಬರು ಕೊಟ್ಟಳು. ಅವರೇ ಎತ್ತಿದರು. ಅವರು ಕೇಳಿದ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ದಿನ?" ನನಗೆ ಅಳು ಬಂತು. ಬೀಜಗಳ ಕಥೆ ಹೇಳಿದೆ. ಅವರು ನಗಲಿಲ್ಲ. "ನಮ್ಮತ್ತೆನೂ ಹೀಗೇ ಬಟಾಣಿ ಹಾಕ್ತಿದ್ರು. ಅದನ್ನೇ ತಗೊಂಡ್ ಬರೋಕೆ ಹೇಳಿ, ಅವ್ರು ಬಾಯಿ ಬಿಡೋದೇ ಬೇಡ" ಎಂದರು. ಏನಿದೆಯೋ ಪರೀಕ್ಷೆ ಮಾಡಿದ ಮೇಲೆಯೇ ಹೇಳುತ್ತೇನೆ ಎಂದೂ ಅಂದರು. ಸಣ್ಣದಿರಬಹುದು, ಇರದೆಯೂ ಇರಬಹುದು. ನನಗೂ ಭಯವಿದೆ, ಸುಳ್ಳು ಹೇಳುವುದಿಲ್ಲ.

ಡಾಕ್ಟರ್ ತೌಫೀಕ್‌ಗೆ ದ್ರೋಹ ಮಾಡಿದಂತಾಗುತ್ತದೆ ಎಂದು ನಿನಗೆ ಅನ್ನಿಸುತ್ತದೆ, ಅಪ್ಪನ ಗೆಳೆತನಕ್ಕೆ ಅವಮಾನ ಎಂದು. ಅಪ್ಪ ಇದ್ದಿದ್ದರೆ ನಿನ್ನ ಉಗುರು ನೋಡಿದ ದಿನವೇ ಕರೆದುಕೊಂಡು ಹೋಗುತ್ತಿದ್ದರು. ಅಷ್ಟೇ ಹೇಳುತ್ತೇನೆ.

ಬೆಳಿಗ್ಗೆ ಏಳರ ರೈಲಿಗೆ ಬಾ. ನಿಲ್ದಾಣದಲ್ಲಿ ನಾನಿರುತ್ತೇನೆ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಬೇಡ, ಕೊಡುವುದಿಲ್ಲ. ಈ ವಾರ ಶಾಲೆಗೆ ಹೇಗೂ ರಜೆ, ಮುಂದಿನ ವಾರದಿಂದ ನಾನೇ ರಜೆ ಹಾಕಿದ್ದೇನೆ. ನಿದ್ದೆ ಹೋಗಲಿ, ಅದಕ್ಕೇನು, ಅಭ್ಯಾಸವಾಗಿದೆ.

ನಿನ್ನ ಟವೆಲ್‌ಗಳನ್ನು ಕಂಡೂ ಸುಮ್ಮನಿದ್ದ ಮಗಳು,
ಒಲ್ಫಾ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಖಾಲಾ ಫೌಝಿಯಾ ಬಾಗಿಲಲ್ಲಿ ನಿಂತು "ಅದೇನೇ ಅಷ್ಟು ದಪ್ಪ ಕಾಗದ, ಗಂಡನ ಮೇಲೆ ದೂರಾ?" ಎನ್ನುತ್ತಿದ್ದಾಳೆ. ಹೌದು ಎಂದಿದ್ದೇನೆ. ನಿಝಾರ್‌ಗೆ ಆಗಲೇ ಫೋನ್ ಮಾಡಿ ಹೇಳಿಬಿಟ್ಟೆ, ನನಗೆ ಹುಷಾರಿಲ್ಲ, ಮಂಗಳವಾರ ಹೆಂಗಸು ಡಾಕ್ಟರ ಹತ್ತಿರ ಹೋಗಬೇಕು, ಜೊತೆಗೆ ಅಮ್ಮ ಬೇಕು ಎಂದು. ನಿನಗಾಗಿ ನೀನು ಬರುವುದಿಲ್ಲ, ನನಗಾದರೆ ಬರಿಗಾಲಲ್ಲೂ ಬರುತ್ತೀಯ ಎಂದು ನನಗೆ ಗೊತ್ತು. ಹೆಸರು ಬರೆಸಿದ್ದೂ ನನ್ನದೇ. ಡಾಕ್ಟರಿಗೆ ನಿಜ ಗೊತ್ತಿದೆ. ಒಲ್ಫಾ ಎಂದು ಕೂಗಿದಾಗ ನನ್ನ ಜೊತೆ ಎದ್ದು ಒಳಗೆ ಬಾ, ರೋಗಿಯ ಕುರ್ಚಿಯಲ್ಲಿ ನೀನು ಕೂರು. ಡಾಕ್ಟರ್ ತೌಫೀಕ್ ಬರೆದ ಮಾತ್ರೆಗಳನ್ನು ನೀನು ಒಂದೂ ನುಂಗಿಲ್ಲ ಎಂದು ಗೊತ್ತು, ನಿನ್ನ ಮಾತ್ರೆಯ ಸ್ಟ್ರಿಪ್ ಹಾಗೇ ಇತ್ತು. ನನ್ನದು ಖಾಲಿಯಾಗಿದೆ, ಕಳೆದ ವಾರ ನಿನ್ನದನ್ನೂ ಶುರು ಮಾಡಿದ್ದೆ. ನಿನ್ನ ತಪಾಸಣೆ ಮುಗಿದ ಮೇಲೆ ಈ ಡಾಕ್ಟರಿಗೆ ಅದನ್ನೂ ಹೇಳುತ್ತೇನೆ, ಹಾಗಾಗಿ ನಿಝಾರ್‌ಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಭರಣಿ ತರಲು ಮರೆಯಬೇಡ. ಎಣ್ಣೆ ತರಬೇಡ.