ಅತ್ತೆಯ ಖಾಲಿ ಕ್ಯಾಮೆರಾ

ಒಕಾಯಾ
ನವೆಂಬರ್ ೨೧, ಗುರುವಾರ

ದೂರದಲ್ಲಿರುವ ನಮ್ಮವರಿಗೆ, ನಿಮ್ಮ ಕಾಯೊಳ ನೆನಪುಗಳು.

ಹೊಟ್ಟೆ ಈಗ ಹೇಗಿದೆ? ಹೈಫಾಂಗಿನ ಕಾರ್ಖಾನೆಯ ಸೆಕೆ ಒಗ್ಗುತ್ತಿಲ್ಲ ಎಂದಿದ್ದಿರಿ. ಅಲ್ಲಿಯ ಐಸ್ ಹಾಕಿದ ಕಾಫಿ ಬಿಟ್ಟಿರೋ ಇಲ್ಲವೋ? ನಾನು ಕಳಿಸಿದ ಉಪ್ಪು ಹಾಕಿದ ಸೊಪ್ಪು ದಾರಿಯಲ್ಲಿ ಕೆಟ್ಟಿದ್ದರೆ ಬಿಸಾಡಿ, ಮನೆಯದೆಂದು ಹಟಕ್ಕೆ ತಿನ್ನಬೇಡಿ. ಇಲ್ಲಿ ಸರೋವರದ ಕಡೆಯಿಂದ ಚಳಿಗಾಳಿ ಶುರುವಾಗಿದೆ. ಸಿಪ್ಪೆ ಹೆರೆದು ಸೂರಿಗೆ ಕಟ್ಟಿದ ಕಾಕಿ ಹಣ್ಣು ಅರ್ಧ ಒಣಗಿದೆ. ಅತ್ತೆ ಚೆನ್ನಾಗಿದ್ದಾರೆ. ಹೀಗೆಂದು ಬರೆದೆನಲ್ಲ, ಅದು ನಿಜವೋ ಸುಳ್ಳೋ ನನಗೇ ತಿಳಿಯುತ್ತಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಕಾಗದದ ಬಾಗಿಲುಗಳ ಆಚೆ ಅವರ ಕಿವಿ ಇರುತ್ತದೆ. ನಿಮ್ಮ ಅಮ್ಮನಿಗೆ ಕಿವಿಯೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಯಸ್ಸಾಗಿದೆ.

ಬೇಸಿಗೆಯ ಕೊನೆಗೆ ನಮ್ಮ ಅನ್ನದ ಕುಕ್ಕರ್ ಕೆಟ್ಟಿತಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ. ಹೆದ್ದಾರಿ ಪಕ್ಕದ ಹಳೇ ಸಾಮಾನಿನ ಅಂಗಡಿಗೆ ಇಬ್ಬರೂ ಹೋದೆವು. ನಾನು ಕುಕ್ಕರ್‌ಗಳ ಮುಚ್ಚಳ ತೆಗೆದು ನೋಡುತ್ತಿದ್ದರೆ, ಅತ್ತೆ ಮೂಲೆಯಲ್ಲಿ ‘ಕೆಟ್ಟ ಮಾಲು, ವಾಪಸ್ ಇಲ್ಲ’ ಎಂದು ಬರೆದ ನೀಲಿ ಡಬ್ಬದ ಮುಂದೆ ಕೂತುಬಿಟ್ಟಿದ್ದರು. ರಿಮೋಟು, ಚಾರ್ಜರುಗಳ ಸಿಕ್ಕಿನೊಳಗಿಂದ ಅಂಗೈಯಷ್ಟು ಚಿಕ್ಕ ಕ್ಯಾಮೆರಾ ಒಂದನ್ನು ಎಳೆದರು. ಅದರ ಚರ್ಮದ ಚೀಲ ಪುಡಿಯಾಗಿ ಉದುರುತ್ತಿತ್ತು. ಊದಿದರು, ತೋಳಿನಿಂದ ಒರೆಸಿದರು, ಹೆಬ್ಬೆರಳಿನಿಂದ ಫಿಲ್ಮ್ ಸುತ್ತುವ ಹಲ್ಲುಚಕ್ರ ತಿರುಗಿಸಿ ಗುಂಡಿ ಒತ್ತಿದರು. ಟಿಕ್ ಎಂದಿತು. “ಕಾಯೊ, ಇದಿನ್ನೂ ಬದುಕಿದೆ ಕಣೇ!” ಎಂದ ಆ ದನಿಯನ್ನು, ಮಾವ ಹೋದ ಮೇಲೆ ನಾನು ಕೇಳಿರಲೇ ಇಲ್ಲ.

ಆ ವಸ್ತುವೇ ಹಾಗಿದೆ. ಬ್ಯಾಟರಿ ಬೇಡ, ಬೆಳಕಿದ್ದರೆ ಸಾಕು. ಬೆಳಕು ಸಾಲದಿದ್ದರೆ ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಕೆಂಪು ನಾಲಿಗೆ ಚಾಚಿ, ಒಲ್ಲೆ ಎನ್ನುತ್ತದೆ. ಆಮೇಲೆ ವಾರ ವಾರವೂ ಆ ಡಬ್ಬ ಕೆದಕುವುದೇ ಕೆಲಸವಾಯಿತು. ಸಿಕ್ಕ ಕ್ಯಾಮೆರಾಗಳಲ್ಲಿ ಒಂದರ ಗಾಜಿಗೆ ಬೂಷ್ಟು, ಇನ್ನೊಂದರ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಎಲ್ಲವೂ ಈಗ ಮಾವನ ಪಟದ ಪಕ್ಕ ಸಾಲಾಗಿ ಕೂತಿವೆ. ಮೊದಮೊದಲು ನಗುತ್ತಿದ್ದ ನಾನೂ ಕೊನೆಗೆ ಆ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕತೊಡಗಿದೆ. ತಳದಲ್ಲಿ ತಣ್ಣನೆಯ ಲೋಹ ಬೆರಳಿಗೆ ತಗುಲಿದಾಗ ಆಗುವ ಖುಷಿಯನ್ನು ಹೇಗೆ ಬರೆಯಲಿ, ನೀವು ನಗುತ್ತೀರಿ.

ಅತ್ತೆ ಮೊದಲು ಸಿಕ್ಕ ಕ್ಯಾಮೆರಾವನ್ನೇ ಕೊರಳಿಗೆ ಹಾಕಿಕೊಂಡು ದಿನವೂ ಬೀದಿ ಸುತ್ತುತ್ತಿದ್ದರು. ಎಲ್ಲರೂ ನಿಲ್ಲುತ್ತಿದ್ದರು, ತಲೆ ಬಾಚಿಕೊಳ್ಳುತ್ತಿದ್ದರು. ತೋಫು ಮಾರುವ ಮುದುಕನಂತೂ, “ಕಿನು ಅಜ್ಜಿ, ಚೆನ್ನಾಗಿ ತೆಗೀರಿ, ಹೆಣ್ಣಿನ ಕಡೆಯೋರಿಗೆ ಕಳಿಸ್ಬೇಕು” ಎನ್ನುತ್ತಿದ್ದ. ಇಷ್ಟಾದರೂ ಒಂದು ಫೋಟೋ ಮನೆಗೆ ಬರಲಿಲ್ಲ. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ಏನೂ ಇರಲಿಲ್ಲ. ಶರತ್ಕಾಲವೆಲ್ಲ ಈ ಹೆಂಗಸು ಖಾಲಿ ಡಬ್ಬ ಒತ್ತುತ್ತ ಊರು ತಿರುಗಿದ್ದರು!

ಗಾಬರಿಯಾಗಿ ನಿಮ್ಮ ಅಕ್ಕ ರಿತ್ಸುಕೊಗೆ ಫೋನ್ ಮಾಡಿದೆ. ಮಾಡಬಾರದಿತ್ತೇನೋ. “ಅಮ್ಮನಿಗೆ ಮರೆವು ಶುರುವಾಗಿದೆ ಕಾಯೊ, ನಾನು ಆಗ್ಲೇ ಹೇಳ್ಲಿಲ್ವಾ? ಮಾತ್ಸುಮೊತೊದಲ್ಲಿ ಒಂದು ವೃದ್ಧಾಶ್ರಮ ನೋಡಿಟ್ಟಿದೀನಿ” ಎಂದರು. ನನಗೆ ಅಳು ಬಂತು. ಮರುದಿನ ಕೊಗುಚಿಯವರ ಫೋಟೋ ಅಂಗಡಿಯಲ್ಲಿ ಫಿಲ್ಮ್ ಕೊಂಡು, ಹಾಕುವುದು ಹೇಗೆಂದು ಕೇಳಿ ಬಂದು, ಅತ್ತೆಗೆ ಹೇಳದೆ ಹಾಕಿದೆ. ನಾಳೆ ಊರವರು ಫೋಟೋ ಎಲ್ಲಿ ಎಂದು ಕೇಳಿದರೆ ಅವರ ಮರ್ಯಾದೆ ಹೋಗಬಾರದು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಅದಾದ ವಾರದಲ್ಲೇ ನಾವಿಬ್ಬರೂ ಹಾವುಮೀನಿನ ಅಂಗಡಿಯ ಮಿಯಾಸಾಕಾ ಅವರ ಮುಂದೆ ಹಾದು ಹೋದೆವು. ಅವರು ಮೀನು ಸುಡುವ ಹೊಗೆಯ ನಡುವೆ ಬೀಸಣಿಗೆ ಹಿಡಿದು, “ಅಜ್ಜೀ, ನನ್ನನ್ನ ತೆಗೀತೀರೋ ನನ್ನ ಮೀನನ್ನೋ?” ಎಂದರು. ಅತ್ತೆ ಕ್ಯಾಮೆರಾ ಎತ್ತಿ, “ಎರಡೂ ಜಾರೋ ಜಾತಿನೇ, ಸ್ವಲ್ಪ ನೆಟ್ಟಗೆ ನಿಲ್ಲಪ್ಪ” ಎಂದರು. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು, ಅತ್ತೆ ಗುಂಡಿ ಒತ್ತಿದರು.

ರೀ, ಮಿಯಾಸಾಕಾ ಈಗ ಇಲ್ಲ. ಕಳೆದ ವಾರ ಎದೆನೋವೆಂದು ಅಂಗಡಿಯಲ್ಲೇ ಕೂತವರು ಮತ್ತೆ ಏಳಲಿಲ್ಲ. ಮರುದಿನ ಬೆಳಿಗ್ಗೆ ಅವರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಅಂತ್ಯಕ್ರಿಯೆಗೆ ಇಡಲು ಪಟವಿಲ್ಲ, ಇರುವ ಫೋಟೋಗಳಲ್ಲೆಲ್ಲ ಸಾಲಗಾರನ ಹಾಗೆ ಮುಖ ಗಂಟು ಹಾಕಿಕೊಂಡಿದ್ದಾರೆ, ಕಿನು ಅಜ್ಜಿ ತೆಗೆದದ್ದಿದೆಯಲ್ಲ, ಅದನ್ನು ಕೊಡಿ ಎಂದು ಕೇಳಿದರು. ಅತ್ತೆಯ ಮುಖ ಬಿಳಿಚಿಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಚಾಪೆಗೆ ಹಣೆ ಹಚ್ಚಿ, “ಅದರೊಳಗೆ ಏನೂ ಇಲ್ಲಮ್ಮ. ನಾನು ಯಾವತ್ತೂ ಫಿಲ್ಮ್ ಹಾಕೇ ಇಲ್ಲ. ಕ್ಷಮಿಸು” ಎಂದರು. ಅಂದರೆ ಅವರಿಗೆ ಗೊತ್ತಿತ್ತು! ಮೊದಲಿನಿಂದಲೂ ಗೊತ್ತಿತ್ತು! ನಾನು “ಇದೆ ಅತ್ತೆ, ನಾನು ಹಾಕಿದ್ದೆ” ಎಂದೆ. ಇಬ್ಬರೂ ನನ್ನತ್ತ ತಿರುಗಿದರು. ಅತ್ತೆ ನೋಡಿದ ಆ ನೋಟ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಕೊಗುಚಿ ಮಿಕ್ಕ ಕೆಲಸ ಬಿಟ್ಟು ಫಿಲ್ಮ್ ತೊಳೆದುಕೊಟ್ಟರು. ಚಿತ್ರ ಬಂದಿತ್ತು; ಒಂದು ಮೂಲೆಗೆ ಅತ್ತೆಯ ಬೆರಳು ಅಡ್ಡವಾಗಿತ್ತು, ಸ್ವಲ್ಪ ವಾಲಿತ್ತು, ಆದರೆ ಮಿಯಾಸಾಕಾ ಕಣ್ಣು ಮುಚ್ಚಿ ನಗುತ್ತಿದ್ದರು. ಅವರ ಹೆಂಡತಿ ತುಂಬಾ ಹೊತ್ತು ನೋಡಿ, “ನನ್ನೆದುರು ಒಂದಿನಾನೂ ಹೀಗೆ ನಗಲಿಲ್ವಲ್ಲ ಈ ಮನುಷ್ಯ” ಎಂದರು. ಎಂದವರೇ ನಕ್ಕರು, ನಗುತ್ತಲೇ ಅತ್ತರು. ನಾವು ಕೊಟ್ಟದ್ದು ಸಮಾಧಾನವೋ, ಹೊಸ ನೋವೋ? ಆ ಪಟವನ್ನೇ ಇಟ್ಟರು. ಧೂಪ ಹಾಕಲು ಹೋದವರೆಲ್ಲ ನಕ್ಕು ಬಂದರು.

ಅತ್ತೆ ಮಾತ್ರ ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ನಾನು ಟೀ ಇಟ್ಟು, ಖಾಲಿ ಯಾಕೆ ಒತ್ತುತ್ತಿದ್ದಿರಿ ಎಂದು ಮೆಲ್ಲಗೆ ಕೇಳಿದೆ. “ಬರೀ ಕೈಲಿ ಹೋಗೋ ಮುದುಕಿನ ಯಾರು ನೋಡಿ ನಗ್ತಾರೆ ಹೇಳು? ಇದನ್ನ ಎತ್ತಿದ್ರೆ ಎಲ್ರೂ ನಗ್ತಾರೆ. ನನಗೆ ಅಷ್ಟು ಸಾಕಿತ್ತು” ಎಂದರು. ಹೆಬ್ಬೆರಳು ಸವರಿಕೊಳ್ಳುತ್ತ, “ನೀನು ಫಿಲ್ಮ್ ಹಾಕಿದ ಮೇಲೆ ಚಕ್ರ ಇದ್ದಕ್ಕಿದ್ದಂಗೆ ಭಾರ ಆಯ್ತು. ನನ್ನ ಬೆರಳಿನ ಶಕ್ತಿನೇ ಹೋಯ್ತು ಅಂತ ಹೆದರಿಬಿಟ್ಟಿದ್ದೆ ಕಣೇ. ಒಂದು ಮಾತು ಹೇಳ್ಬಾರದಿತ್ತಾ?” ಎಂದರು. ನಾನು ಮಾಡಿದ್ದು ಸರಿಯೆಂದು ಮಿಯಾಸಾಕಾ ಅವರ ಹೆಂಡತಿ ಕೈ ಹಿಡಿದು ಹೇಳುತ್ತಾರೆ. ಅತ್ತೆಯ ಬೆರಳು ನೋಡಿದರೆ ತಪ್ಪೆನಿಸುತ್ತದೆ.

ಇನ್ನೊಂದು ಸಂಗತಿ ಅವರಿಗೂ ಹೇಳಿಲ್ಲ. ಆ ರೀಲಿನಲ್ಲಿ ನಗುವವರ ನಡುನಡುವೆ ನಾನಿದ್ದೇನೆ. ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ, ಬಾಗಿಲಲ್ಲಿ ಚಪ್ಪಲಿ ಜೋಡಿಸುವಾಗ, ಎಲ್ಲವೂ ಹಿಂದಿನಿಂದ. ಬರೀ ಬೆನ್ನು. ಜನ ನಗಲಿ ಎಂದು ಒತ್ತುತ್ತಿದ್ದರೆ, ಬೆನ್ನು ನಗುತ್ತದೆಯೇ? ಫಿಲ್ಮ್ ಇಲ್ಲವೆಂದುಕೊಂಡೂ ನನ್ನನ್ನು ಯಾಕೆ ತೆಗೆದರು? ಕೇಳಲು ಧೈರ್ಯವಿಲ್ಲ. ನೀವು ಅವರ ಹೊಟ್ಟೆಯಲ್ಲಿ ಹುಟ್ಟಿದವರು, ನಿಮಗೇನಾದರೂ ತಿಳಿಯುತ್ತದೆಯೇ?

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಯಂತ್ರಗಳ ಹತ್ತಿರ ಜೋಪಾನ. ಅತ್ತೆಯ ಆಶೀರ್ವಾದ ನಿಮ್ಮ ಮೇಲೆ ಇದ್ದೇ ಇರುತ್ತದೆ.

ಇಂತು ನಿಮ್ಮವಳು,
ಕಾಯೊ

ತಾ.ಕ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಕ ಶನಿವಾರ ಅತ್ತೆಗೆ ಆಶ್ರಮ ತೋರಿಸಲು ಕಾರು ತರುತ್ತೇನೆಂದರು. ಬೇಡ, ಅವರು ಇಲ್ಲೇ ಇರುತ್ತಾರೆ ಎಂದು ಹೇಳಿಬಿಟ್ಟೆ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಬೈಯುವುದಿದ್ದರೆ ಹೊಸ ವರ್ಷಕ್ಕೆ ಮನೆಗೆ ಬಂದು ಬೈಯಿರಿ. ಇದನ್ನು ಅಂಟಿಸುವ ಹೊತ್ತಿಗೆ ಅತ್ತೆ ಬಂದು, “ನಿಂದು ಇನ್ನೊಂದು ಫಿಲ್ಮ್ ಇದ್ರೆ ಕೊಡೇ, ಈ ಸಲ ನಾನೇ ಹಾಕ್ತೀನಿ” ಎಂದು ಇಸಿದುಕೊಂಡು ಹೋದರು. ಈಗ ಒಳಗಿನಿಂದ ಕೂಗುತ್ತಿದ್ದಾರೆ, ಮುಚ್ಚಳ ಕೂರುತ್ತಿಲ್ಲವಂತೆ. ನಾನು ಹೋಗಬೇಕು.